ತಡೆದವನ ಕೂಲಿ

ವಿಶ್ವಾಸ,

ಮೇಲೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಬರೆದೆ, ಮತ್ತೆ ಹೊಡೆದೆ. ಆ ಶಬ್ದವನ್ನು ನಿನ್ನ ವಿಷಯದಲ್ಲಿ ನಾನು ಒಮ್ಮೆ ಬಳಸಿದ್ದೇನೆ, ಬಳಸಿ ಕೆಡಿಸಿದ್ದೇನೆ. ಹಾಗಾಗಿ ಬರೀ ಹೆಸರು.

ನಿನ್ನ ವಿಳಾಸ ಧರೆಪ್ಪ ಕೊಟ್ಟ. ಕಾಗವಾಡ, ಮಿರಜ ರಸ್ತೆ, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜು. ಫೋನ್ ನಂಬರನ್ನೂ ಕೊಟ್ಟು, "ಕಾಗದ ಯಾಂವ ಬರೀತಾನ್ರಿ ಈಗ, ಹಚ್ಚಿ ಮಾತಾಡ್ರಿ" ಅಂದ. ಹಚ್ಚಲಿಲ್ಲ. ಫೋನಿನಲ್ಲಿ ನೀನು "ಹೇಳ್ರಿ ಸರ" ಅನ್ನುತ್ತೀಯ, ನಾನು ಮಳೆ ಬೆಳೆ ವಿಚಾರಿಸಿ ಇಟ್ಟುಬಿಡುತ್ತೇನೆ. ನನ್ನನ್ನು ನಾನು ಅಷ್ಟು ಬಲ್ಲೆ. ಕಾಗದದ ಮೇಲಾದರೆ ನೀನು ನಡುವೆ ಮಾತಾಡುವುದಿಲ್ಲ ಎಂಬ ಧೈರ್ಯ. ಇದೂ ಹೇಡಿತನವೇ. ಆದರೆ ನನ್ನ ಹತ್ತಿರ ಇರುವುದು ಇದೊಂದೇ ಸಾಮಾನು.

ಹನ್ನೊಂದು ವರ್ಷದ ಹಿಂದಿನ ಒಂದು ಭಾನುವಾರದಿಂದ ಶುರುಮಾಡುತ್ತೇನೆ. ೨೦೦೬, ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಶುರುವಾಗಿತ್ತು. ಸದಲಗಾದಲ್ಲಿ ನಮ್ಮ ನದಿಗಲ್ಲಿ ತಾಲೀಮಿನ ಮಾಳಿಗೆಯ ಮೇಲೆ ನಾವು ಏಳು ಜನ ಸೇರಿದ್ದೆವು. ನಿನ್ನನ್ನು ದುಡ್ಡು ಕೊಟ್ಟು ಉಳಿಸಿಕೊಳ್ಳಬೇಕೋ ಬೇಡವೋ ಎಂಬುದೊಂದೇ ವಿಷಯ. ನೀನು ಅಲ್ಲಿರಲಿಲ್ಲ. ನಮ್ಮ ತಂಡದ ಅಧ್ಯಕ್ಷರಾದ ಅಣ್ಣಾಸಾಬರ ಹೊಲದಲ್ಲಿ ಟ್ರಾಲಿಗೆ ಕಬ್ಬು ಹೇರುತ್ತಿದ್ದೆ.

ತಾಲೀಮಿನಲ್ಲಿ ಕುಸ್ತಿ ನಿಂತು ಎಷ್ಟೋ ವರ್ಷಗಳಾಗಿದ್ದವು. ಕೊಲ್ಲಾಪುರದ ಗಾಳಿ ಹೊಡೆದು ಹುಡುಗರು ಫುಟ್‌ಬಾಲ್ ಹಿಡಿದಿದ್ದರು. ನಾನು ಜೀವಮಾನದಲ್ಲಿ ಚೆಂಡನ್ನು ಒದ್ದವನಲ್ಲ. ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಹೇಳುವವನು, ಆಗೊಂದು ಈಗೊಂದು ಕಥೆ ಬರೆಯುವವನು, ಕನ್ನಡ ಮರಾಠಿ ಎರಡರಲ್ಲೂ ಅರ್ಜಿ ಬರೆಯಬಲ್ಲವನು ಎಂದು ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಭಾನುವಾರ ಮಧ್ಯಾಹ್ನ ಗೆರೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಮೊದಮೊದಲು ಎಲ್ಲರ ಹಾಗೆ ನಾನೂ ಚೆಂಡನ್ನು ನೋಡುತ್ತಿದ್ದೆ. ಒಂದು ದಿನ ನೀರು ಕುಡಿಯಲು ಬಂದವನು ನೀನೇ ಹೇಳಿದೆ: "ಚೆಂಡ ನೋಡಬಾರದ್ರಿ ಸರ. ಅದು ಸುಳ್ಳ ಹೇಳತೈತಿ. ಆಡಾವನ ನಡಾ ನೋಡ್ರಿ, ಅದಕ್ಕ ಸುಳ್ಳ ಹೇಳಾಕ ಬರೂದಿಲ್ಲ." ಅವತ್ತಿನಿಂದ ನಾನು ನಿನ್ನನ್ನೇ, ನಿನ್ನ ಸೊಂಟದ ತಿರುವನ್ನೇ ನೋಡಿದೆ. ನೀನು ಬೀಳುತ್ತಿರಲಿಲ್ಲ, ಜಾರುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಎದುರಿನವನು ಎಲ್ಲಿಗೆ ಬರಬೇಕೆಂದು ಇನ್ನೂ ಯೋಚಿಸುತ್ತಿರುವಾಗ ನೀನು ಅಲ್ಲಿ ನಿಂತಿರುತ್ತಿದ್ದೆ, ಬಸ್ಸಿಗೆ ಕಾಯುವವನ ಹಾಗೆ.

ನಿನಗೆ ಚಪ್ಪಾಳೆ ಕಡಿಮೆ ಬೀಳುತ್ತಿತ್ತು. ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಗೋಲ್ ಬಿದ್ದ ತಕ್ಷಣ ಮೈಕಿನಲ್ಲಿ ಬಕ್ಷೀಸು ಕೂಗುತ್ತಾರೆ: ಇಂಥವರಿಂದ ನೂರಾ ಒಂದು, ಇಂಥವರಿಂದ ಐನೂರಾ ಒಂದು. ಆಗದಂತೆ ತಡೆದ ಗೋಲಿಗೆ ಯಾರೂ ಏನೂ ಕೂಗುವುದಿಲ್ಲ. ಅಷ್ಟು ವರ್ಷಗಳಲ್ಲಿ ನಿನ್ನ ಹೆಸರು ಬಕ್ಷೀಸಿಗೆ ಒಂದೇ ಸಲ ಬಂತು, ನಿಪ್ಪಾಣಿಯಲ್ಲಿ, ನಿನ್ನ ಮೊಣಕಾಲಿಗೆ ಬಡಿದ ಚೆಂಡು ನಮ್ಮದೇ ಗೋಲಿಗೆ ಹೋದಾಗ. ಎದುರಿನ ತಂಡದ ಯಾರೋ ಕುಚೋದ್ಯಕ್ಕೆ ಐವತ್ತೊಂದು ರೂಪಾಯಿ ಕೂಗಿಸಿದರು. ಮೈದಾನವೆಲ್ಲ ನಕ್ಕಿತು. ನೀನು ಆಟ ಮುಗಿದ ಮೇಲೆ ನೆಟ್ಟಗೆ ಮೈಕಿನವನ ಹತ್ತಿರ ಹೋಗಿ ಕೈಚಾಚಿದೆ. "ಕೊಡ್ರಿ. ನನ್ನ ಹೆಸರಲೇ ಕೂಗೀರಿ." ಅವನು ಮುಖ ಕೆಳಗೆ ಹಾಕಿ ಎಣಿಸಿಕೊಟ್ಟ. ವಾಪಸು ಬರುವಾಗ ಟೆಂಪೋದಲ್ಲಿ ಆ ದುಡ್ಡಿನ ಭಜಿ ಎಲ್ಲರಿಗೂ ಹಂಚಿದೆ. ನಾನೂ ಎರಡು ತಿಂದೆ. ಕೆಲಸ ಎಂಥದೇ ಇರಲಿ, ಕೂಗಿದ ಕೂಲಿ ಕೊಡಬೇಕು ಎಂದು ನೀನು ನಂಬಿದ್ದೆ. ಅದನ್ನು ನಾನು ತಮಾಷೆ ಎಂದು ತಿಳಿದುಕೊಂಡೆ.

ಆ ವರ್ಷ ದಸರೆಯ ಹೊತ್ತಿಗೆ ಕೊಲ್ಲಾಪುರದ ಒಂದು ಪೇಠೆಯ ತಂಡದವರು ನಿನ್ನನ್ನು ಕೇಳಿಕೊಂಡು ಬಂದರು. ತಿಂಗಳಿಗೆ ಇಷ್ಟು ಅಂತ ಮಾನಧನ, ಜೊತೆಗೆ ಒಂದು ಹಾಲಿನ ಸಂಘದಲ್ಲಿ ಕಾಯಂ ಕೆಲಸ. ಕಾಯಂ ಎಂಬ ಮಾತು ನಿಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರ ಕೆಲಸಕ್ಕೂ ಅಂಟಿರಲಿಲ್ಲ. ಆದರೂ ನೀನು ಮೊದಲು ನಮ್ಮ ಹತ್ತಿರ ಬಂದೆ. ನೀನು ಕೇಳಿದ್ದು ಅವರು ಕೊಡುತ್ತೇನೆಂದದ್ದರ ಕಾಲುಭಾಗವೂ ಅಲ್ಲ. "ಪ್ರಾಕ್ಟೀಸ್ ಇದ್ದ ದಿನ, ಮ್ಯಾಚ್ ಇದ್ದ ದಿನ ನನ್ನ ಪಾಳಿ ತಪ್ಪತೈತ್ರಿ ಸರ. ಆ ದಿನದ ಕೂಲಿ ಕೊಡ್ರಿ, ಮತ್ತೇನ ಬ್ಯಾಡ. ನಾ ಎಲ್ಲೂ ಹೋಗೂದಿಲ್ಲ." ಇಷ್ಟೇ. ಇದನ್ನು ಸಭೆಗೆ ತಲುಪಿಸುವುದು ನನ್ನ ಕೆಲಸವಾಗಿತ್ತು. ತಲುಪಿಸಿದೆ.

ಅಣ್ಣಾಸಾಬರು ಕೆಟ್ಟವರಲ್ಲ. ಮೊದಲ ಮಾತು ಅವರದೇ. "ಹೊರಗಿನವನ್ನ ರೊಕ್ಕಾ ಕೊಟ್ಟ ತರೂಣ. ಮ್ಯಾಚಿಗೆ ಒಬ್ಬ ಗೋವಾದವ ಬರತಾನ, ಪಾಕೀಟ ಕೊಡತೇವಿ, ಮಟನ್ ಊಟ ಹಾಕತೇವಿ. ಆದ್ರ ಇಂವ ಮನಿ ಮಗ. ಮನಿ ಮಗಗ ಯಾರರ ಪಗಾರ ಕೊಡತಾರೇನು? ನಮ್ಮ ಧನಪಾಲಗ ನಾ ಕೊಡತೇನೇನು?"

ನಮ್ಮ ಹಳೆಯ ಗೋಲ್‌ಕೀಪರ್ ಧರೆಪ್ಪ ಬಾಗಿಲ ಹತ್ತಿರ ಕೂತಿದ್ದ. "ಧನಪಾಲಗ ಇಪ್ಪತ್ತ ಎಕರೆ ಬರತೈತ್ರಿ ಅಣ್ಣಾ. ಇಂವಗ ಏನ ಬರತೈತಿ?"

"ಲೇ ಧರೆಪ್ಪ, ನೀ ಚಾದ ಅಂಗಡಿ ನೋಡಕೋ. ಎಲ್ಲಾದಕ್ಕೂ ಹೊಲಾ ತರಬ್ಯಾಡ."

"ಹೊಲದಾಗ ಅದಾನ್ರಿ ಅಂವ ಈಗ, ನಿಮ್ಮ ಹೊಲದಾಗ. ಅದಕ್ಕ ತಂದೆ."

ಇನ್ನೊಬ್ಬರು ಕೇಳಿದರು, ಗೋಲ್ ಹೊಡೆದವನಿಗಾದರೆ ಗೋಲಿಗೆ ಇಷ್ಟು ಎನ್ನಬಹುದು, ತಡೆದವನ ಕೂಲಿ ಹೇಗೆ ಕಟ್ಟುವುದು? ಎಲ್ಲರೂ ನಕ್ಕರು. ಅಲ್ಲಿಗೇ ಬಿಟ್ಟಿದ್ದರೆ ಬಹುಶಃ ಅರ್ಧವೋ ಮುಕ್ಕಾಲೋ ಒಪ್ಪುತ್ತಿದ್ದರು. ಧರೆಪ್ಪ ಬಿಡುವ ಗಿರಾಕಿಯಲ್ಲ, ಅಣ್ಣಾಸಾಬರು ಕೊನೆಗೆ ಜಿಪುಣರೂ ಅಲ್ಲ.

ಆಗ ನಾನು ಎದ್ದೆ.

ಇಪ್ಪತ್ತು ನಿಮಿಷ ಮಾತಾಡಿದೆ. ಪುಸ್ತಕದ ಕನ್ನಡದಲ್ಲಿ ಮಾತಾಡಿದೆ, ಯಾಕೆಂದರೆ ಆ ಕನ್ನಡದಲ್ಲಿ ಮಾತಾಡುವವನನ್ನು ನಮ್ಮೂರಲ್ಲಿ ಯಾರೂ ತಡೆಯುವುದಿಲ್ಲ. ಆಟ ಎಂಬುದು ಬಿಡುಗಡೆ ಎಂದೆ. ಮನುಷ್ಯ ಬೆಲೆಯಿಲ್ಲದೆ ಮಾಡುವ ಕೆಲಸ ಅದೊಂದೇ ಉಳಿದಿದೆ ಎಂದೆ. ಸಂಬಳ ಕೊಟ್ಟ ದಿನ ವಿಶ್ವಾಸ ಆಟಗಾರನಾಗಿ ಉಳಿಯುವುದಿಲ್ಲ, ಆಳಾಗುತ್ತಾನೆ ಎಂದೆ. ಹೀಗೆಂದವನು ಪ್ರತಿ ತಿಂಗಳ ಮೊದಲ ತಾರೀಖು ಬ್ಯಾಂಕಿಗೆ ಹೋಗಿ ಸಂಬಳ ತರುತ್ತಿದ್ದ. ಅದರಿಂದ ನನ್ನ ಪಾಠದ ಮೇಲಿನ ಪ್ರೀತಿ ಎಂದೂ ಒಂದು ಗುಂಜಿ ಕಡಿಮೆಯಾದದ್ದಿಲ್ಲ. ಮತ್ತು ನೀನು ಆ ಗಳಿಗೆಯಲ್ಲಿ ಆಳೇ ಆಗಿದ್ದೆ, ಕಿಟಕಿಯಿಂದ ನೋಡಿದರೆ ಕಾಣುವಷ್ಟು ದೂರದಲ್ಲಿ. ಇದಾವುದೂ ಆಗ ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಮಾತು ಅದರ ಮೇಲಿಂದ ದಾಟಿ ಹೋಯಿತು.

ಹಾಗಾದರೆ ಏನು ಮಾಡುವುದು ಎಂದು ಅಣ್ಣಾಸಾಬರು ಕೇಳಿದರು. ಸತ್ಕಾರ ಮಾಡೋಣ ಎಂದೆ.

ನಮ್ಮ ಸೀಮೆಯಲ್ಲಿ ಇದು ಎಷ್ಟು ಗಟ್ಟಿಯಾದ ಹಗ್ಗ ಎಂಬುದು ನನಗೆ ಗೊತ್ತಿತ್ತು. ಜನರ ಮುಂದೆ ತಲೆಗೆ ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟ ಮೇಲೆ ಆ ಆಟಗಾರ ಆ ತಾಲೀಮಿನವನು. ಮರುದಿನವೇ ಇನ್ನೊಂದು ತಂಡದ ಅಂಗಿ ಹಾಕಿದರೆ ಊರು ಅವನ ಮುಖ ನೋಡುವುದಿಲ್ಲ. ಕೊಲ್ಲಾಪುರದ ತಂಡಗಳು ಹೆಸರು ನೋಂದಾಯಿಸುವ ಕೊನೆಯ ದಿನಕ್ಕೆ ಇನ್ನೂ ಒಂಬತ್ತು ದಿನವಿತ್ತು, ಮಂಗಳವಾರ. ನಾವು ಕೊಡದಿದ್ದರೆ ನೀನು ಸಹಿ ಮಾಡಲು ಅದರ ಹಿಂದಿನ ದಿನ, ಸೋಮವಾರ, ಹೋಗುವವನಿದ್ದೆ. ಹಾಗಾಗಿ ಸತ್ಕಾರ ಮುಂದಿನ ಭಾನುವಾರ ಇರಲಿ ಎಂದೆ. ಫೇಟಾ ನೀಲಿ ಬಣ್ಣದ್ದಿರಲಿ, ಅವರ ಮನೆಯವರಿಗೆ ಸಂತೋಷವಾಗುತ್ತದೆ ಎಂದವನೂ ನಾನೇ. ನನ್ನ ಸೂಕ್ಷ್ಮತೆಯನ್ನು ನಾನೇ ಮೆಚ್ಚಿಕೊಂಡೆ.

ಧರೆಪ್ಪ ಎದ್ದು ಹೋದ. ಠರಾವು ಪಾಸಾಯಿತು. ಒಕ್ಕಣೆ ನನ್ನದು.

ಆಮಂತ್ರಣದ ಕಾರ್ಡು ಹಿಡಿದುಕೊಂಡು ನಿಮ್ಮ ಮನೆಗೆ ಬಂದದ್ದು ನೀನು ಇಲ್ಲದ ಹೊತ್ತಿನಲ್ಲಿ. ನಮ್ಮ ಮನೆಯಿಂದ ನಿಮ್ಮ ಓಣಿಗೆ ಏಳು ನಿಮಿಷದ ದಾರಿ. ಅದೇ ಊರಲ್ಲಿ ಹುಟ್ಟಿ ಬೆಳೆದ ನಾನು ಆ ದಾರಿಯಲ್ಲಿ ನಡೆದದ್ದು ಅವತ್ತೇ ಮೊದಲು. ನಿನ್ನ ತಾಯಿ ಸುಗಂಧಾಬಾಯಿ ಹೊಲದಿಂದ ಆಗಷ್ಟೇ ಬಂದಿದ್ದರು. ಕಾಲು ತೊಳೆದುಕೊಳ್ಳುತ್ತಿದ್ದವರು ಸೆರಗು ಸರಿಮಾಡಿಕೊಂಡು ಸ್ಟೂಲು ಹಾಕಿದರು. ಗೋಡೆಯ ಮೇಲೆ ಬುದ್ಧನ ಪಟ. ನಾನು ಕಾರ್ಡು ಕೊಟ್ಟು, ರೂಢಿಯಂತೆ ಕಾಯಿ ಮುಂದಿಟ್ಟೆ. ಅವರು ನಕ್ಕರು. "ನಮ್ಮ ಮನ್ಯಾಗ ಕಾಯಿ ಒಡದು ಪೂಜಾ ಮಾಡೂದಿಲ್ರಿ ಸರ. ಇರಲಿ ಬಿಡ್ರಿ, ಚಟ್ನಿಗೆ ಆಗತೈತಿ."

ಆಮೇಲೆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಅದರಲ್ಲಿ ನಿನ್ನ ಹೆಸರು ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು:

"ಸರ, ನೀವು ಓದಿದವರು. ಒಂದ ಮಾತ ಕೇಳ್ತೇನಿ, ಸಿಟ್ಟ ಆಗಬ್ಯಾಡ್ರಿ. ಈ ಫೇಟಾ ಕಟ್ಟಿಸಿಕೊಂಡ್ರ ಹುಡುಗಗ ಸೋಮವಾರ ಕೊಲ್ಲಾಪುರಕ್ಕ ಹೋಗಾಕ ಏನರ ಅಡ್ಡಿ ಐತೇನ್ರಿ?"

ನಾನು ಎಷ್ಟು ಹೊತ್ತು ತೆಗೆದುಕೊಂಡೆ ಎಂಬುದು ನನಗೆ ನೆನಪಿದೆ. ಹೊತ್ತೇ ತೆಗೆದುಕೊಳ್ಳಲಿಲ್ಲ. "ಅದಕ್ಕೂ ಇದಕ್ಕೂ ಏನ ಸಂಬಂಧ ಬಾಯಿ? ಇದು ಊರಿನ ಪ್ರೀತಿ. ಹೋಗೂದು ಬಿಡೂದು ಅವನಿಗೆ ಬಿಟ್ಟದ್ದು."

"ಅಷ್ಟ ಸಾಕ್ರಿ. ನಿಮ್ಮ ಬಾಯಲೇ ಕೇಳಬೇಕಿತ್ತು" ಅಂದರು. ಚಹಾ ಕೊಟ್ಟರು. ಕುಡಿದೆ.

ಭಾನುವಾರದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಆದರೆ ವೇದಿಕೆಯ ಮೇಲಿಂದ ಏನು ಕಾಣುತ್ತಿತ್ತು ಎಂಬುದು ಗೊತ್ತಿರಲಿಕ್ಕಿಲ್ಲ. ಸುಗಂಧಾಬಾಯಿಯನ್ನು ಅಣ್ಣಾಸಾಬರ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದೆವು. ಅವರು ಬೆನ್ನು ಒರಗಿಸದೆ ತುದಿಯಲ್ಲಿ ಕೂತಿದ್ದರು. ಗೆರೆಯಾಚೆ ಮೋಟರ್‌ಸೈಕಲ್ಲಿನ ಮೇಲೆ ಕೊಲ್ಲಾಪುರದ ಆ ಮನುಷ್ಯ ಕೂತಿದ್ದ, ನಿನ್ನ ಕೊನೆಯ ಆಟ ನೋಡಿಕೊಂಡು ಹೋಗಲು. ಅಣ್ಣಾಸಾಬರು ನಿನ್ನ ತಲೆಗೆ ಫೇಟಾ ಕಟ್ಟಿಸಿ ಮೈಕು ಹಿಡಿದರು. ಅವರ ಕೈಯಲ್ಲಿದ್ದ ಚೀಟಿ ನಾನು ಬರೆದದ್ದು. "ಈ ವಿಶ್ವಾಸ ನಮ್ಮ ಊರಿನ ಗ್ವಾಡಿ ಐತಿ! ಗ್ವಾಡಿ ಎಲ್ಲಿಗೂ ಹೋಗೂದಿಲ್ಲ!" ಜನ ಸೀಟಿ ಹೊಡೆದರು, ಯಾರೋ ಗುಲಾಲು ತೂರಿದರು. ಮೋಟರ್‌ಸೈಕಲ್ಲಿನವನು ಕಿಕ್ ಹೊಡೆದು ಹೊರಟುಹೋದ. ಆಟ ಶುರುವಾಗುವವರೆಗೂ ನಿಲ್ಲಲಿಲ್ಲ. ನೀನು ಅವನು ಹೋದ ಕಡೆ ನೋಡಿದೆ, ಆಮೇಲೆ ನನ್ನ ಕಡೆ. ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಮಂಗಳವಾರ ಸಂಜೆ ಪ್ರಾಕ್ಟೀಸಿಗೆ ನೀನು ಬಂದಿದ್ದೆ. ಅದನ್ನು ನೋಡಿ ನನ್ನ ಕಣ್ಣು ತೇವವಾಯಿತು. ನಿಜವಾಗಿ ತೇವವಾಯಿತು, ಅದೇ ಅಸಹ್ಯ. ನಾನೇ ಕಟ್ಟಿದ ಬಲೆಯಲ್ಲಿ ಬಿದ್ದದ್ದನ್ನು ನೋಡಿ, ಎಂಥ ನಿಷ್ಠೆ ಎಂದು ಗದ್ಗದನಾದೆ. ಮನೆಗೆ ಹೋಗಿ ಒಂದು ಬರಹ ಬರೆದೆ: ದುಡ್ಡಿನ ಕರೆಗೆ ಓಗೊಡದೆ ತನ್ನ ಗಲ್ಲಿಯಲ್ಲೇ ಉಳಿದ ಒಬ್ಬ ಆಟಗಾರನ ಮೇಲೆ. ಮುಂದಿನ ವರ್ಷ ಪತ್ರಿಕೆಯೊಂದರ ಪುರವಣಿಯಲ್ಲಿ ಅದು ಬಂತು. ಅನೇಕರು ಮೆಚ್ಚಿ ಪತ್ರ ಬರೆದರು.

೨೦೧೦ರಲ್ಲಿ ರಾಯಬಾಗದ ಆ ಕಲ್ಲು ಮೈದಾನದಲ್ಲಿ ನಿನ್ನ ಮೊಣಕಾಲು ಹೋಯಿತು. ಮಿರಜಕ್ಕೆ ಒಯ್ಯುವ ಟೆಂಪೋದ ಬಾಡಿಗೆಯನ್ನೂ ಮೊದಲ ಎಕ್ಸರೇಯನ್ನೂ ತಂಡ ನೋಡಿಕೊಂಡಿತು. ಆಮೇಲೆ ಇನ್ನೊಂದು ಸತ್ಕಾರ ಮಾಡಿದೆವು. ಕಟ್ಟುಹಾಕಿದ ಸನ್ಮಾನಪತ್ರ, ಅದರ ಒಕ್ಕಣೆಯೂ ನನ್ನದೇ. ಈ ಸಲ ಸುಗಂಧಾಬಾಯಿ ಏನೂ ಕೇಳಲಿಲ್ಲ. ಬರಲೂ ಇಲ್ಲ.

೨೦೧೪ರಲ್ಲಿ ಒಮ್ಮೆ ಮಿರಜಕ್ಕೆ ಹೋಗುವಾಗ ಕಾಗವಾಡದಲ್ಲಿ ಬಸ್ಸು ಕೆಟ್ಟು ನಿಂತಿತು. ಚಹಾದಂಗಡಿಯ ಮುಂದೆ ನೀನು ಸಿಕ್ಕೆ. ಕೋಲ್ಡ್ ಸ್ಟೋರೇಜಿನ ದಪ್ಪ ಸ್ವೆಟರನ್ನು ಬಿಸಿಲಲ್ಲೂ ಹಾಕಿಕೊಂಡಿದ್ದೆ. ಮಗಳು ಹುಟ್ಟಿದ ಸುದ್ದಿ ಹೇಳಿದೆ. ಚಹಾದ ದುಡ್ಡು ನನ್ನನ್ನು ಕೊಡಗೊಡಲಿಲ್ಲ. ಹೊರಡುವಾಗ ಕೇಳಿದೆ:

"ಸರ, ನನ್ನ ಮ್ಯಾಲ ನೀವು ಬರದದ್ದು ಪೇಪರ್‌ನ್ಯಾಗ ಬಂದಿತ್ತಲ್ರಿ, ಹಿಂದಕ. ಅದಕ್ಕ ರೊಕ್ಕಾ ಕೊಡತಾರೇನ್ರಿ?"

"ಕೊಡತಾರಪ್ಪಾ. ಎಂಟುನೂರು ಬಂದಿತ್ತು."

"ಛಲೋ ಆತ್ರಿ. ಪುಕ್ಕಟೆ ಬರೀಬಾರದು."

ನಾನು ನಕ್ಕೆ. ನೀನೂ ನಕ್ಕೆ. ಬಸ್ಸು ಸರಿಯಾಯಿತು, ಹತ್ತಿದೆ. ಅಥಣಿ ಕಡೆಯ ಲಾರಿಗಳು ಎದುರಾಗುತ್ತಿದ್ದವು, ದ್ರಾಕ್ಷಿಯ ಕ್ರೇಟುಗಳು. ಊರು ದಾಟುವ ಹೊತ್ತಿಗೆ ನನ್ನ ಕಿವಿಗಳು ಬಿಸಿಯಾಗಿದ್ದವು. ಆದರೂ ನೀನು ಮುಗ್ಧವಾಗಿ ಕೇಳಿದೆ ಎಂದೇ ತೀರ್ಮಾನಿಸಿದೆ. ಹಾಗೆ ತೀರ್ಮಾನಿಸುವುದು ನನಗೆ ಅನುಕೂಲವಾಗಿತ್ತು.

ಈಗ ಈ ತಿಂಗಳ ಸಂಗತಿ. ಸಂಗ್ರಾಮನನ್ನು ನೀನೇ ಆಟ ಕಲಿಸಿ ಬೆಳೆಸಿದೆ, ಅವನ ಬಗ್ಗೆ ನಿನಗೆ ಹೇಳಬೇಕಿಲ್ಲ. ನಿನ್ನ ಜಾಗದಲ್ಲಿ ನಿಲ್ಲುತ್ತಾನೆ, ನಿನ್ನ ಹಾಗೆಯೇ ಕಾಯುತ್ತಾನೆ. ಹಗಲು ಗೂಡ್ಸ್ ಟೆಂಪೋ ಓಡಿಸುತ್ತಾನೆ. ಅವನಿಗೂ ಕೊಲ್ಲಾಪುರದಿಂದ ಕರೆ ಬಂತು, ಅವನೂ ನಮ್ಮ ಹತ್ತಿರ ಬಂದು ಟೆಂಪೋ ನಿಲ್ಲಿಸಿದ ದಿನಗಳ ಬಾಡಿಗೆಯಷ್ಟಾದರೂ ಕೊಡಿ ಎಂದ. ಅದೇ ಮಾಳಿಗೆ. ಅಣ್ಣಾಸಾಬರು ಹಾಸಿಗೆ ಹಿಡಿದಿದ್ದಾರೆ, ಈಗ ಅವರ ಮಗ ಧನಪಾಲ ಅಧ್ಯಕ್ಷ. ಎರಡು ತಾಸು ಮಾತು ನಡೆಯಿತು. ಕೊಟ್ಟರೆ ಎಲ್ಲರೂ ಕೇಳುತ್ತಾರೆ, ಕೊಡದಿದ್ದರೆ ಹೋಗುತ್ತಾನೆ. ಹನ್ನೊಂದು ವರ್ಷ ಹಿಂದಿನ ಮಾತುಗಳೇ, ಹೊಸ ಬಾಯಿಗಳಲ್ಲಿ.

ನಾನು ಹೇಳಿಬಿಡಬೇಕೆಂದು ನಿರ್ಧರಿಸಿದೆ. ಎದ್ದು, ನಿನ್ನ ವಿಷಯ ಎಲ್ಲ ಹೇಳಿದೆ. ನೀನು ಕೇಳಿದ್ದು ಎಷ್ಟು ಸಣ್ಣದು, ಸತ್ಕಾರವನ್ನು ಸೋಮವಾರಕ್ಕೆ ಮುಂಚೆ ಇಟ್ಟದ್ದು ಯಾಕೆ, ಸುಗಂಧಾಬಾಯಿ ಕೇಳಿದ್ದೇನು, ನಾನು ಅಂದದ್ದೇನು. ಈ ಸಲ ಪುಸ್ತಕದ ಕನ್ನಡವಲ್ಲ. ಇನ್ನು ಇವರು ತಲೆತಗ್ಗಿಸುತ್ತಾರೆ, ಸಂಗ್ರಾಮನಿಗೆ ಕೊಡೋಣ ಎನ್ನುತ್ತಾರೆ ಎಂದು ಕೂತೆ.

ಧನಪಾಲ ತೊಡೆ ತಟ್ಟಿಕೊಂಡ. "ಅಯ್ಯ ಸರ! ಇಷ್ಟ ಸೋವಿ, ಕಡಿಮಿ ರೊಕ್ಕದ ಇಲಾಜ ಹೊಟ್ಯಾಗ ಇಟಗೊಂಡು ನಮಗ ಎರಡ ತಾಸ ಕುಣಿಸಿದ್ರಲ್ರಿ!" ಸಭೆ ಘೊಳ್ಳೆಂದು ನಕ್ಕಿತು. "ಫೇಟಾದ ಬಟ್ಟಿ ಇಚಲಕರಂಜಿಯೊಳಗ ಈಗ ಮತ್ತಷ್ಟ ಸೋವಿ ಆಗೇತಿ" ಎಂದು ಒಬ್ಬ. "ಡಿಜೆ ಹಚ್ಚೂಣ" ಎಂದು ಇನ್ನೊಬ್ಬ. ಐದು ನಿಮಿಷದಲ್ಲಿ ದಿನ ಗೊತ್ತಾಯಿತು. ನೋಂದಣಿ ಮುಗಿಯುವ ಮುಂಚಿನ ಭಾನುವಾರ.

ಧರೆಪ್ಪ ಈಗಲೂ ಬಾಗಿಲ ಹತ್ತಿರವೇ ಕೂರುತ್ತಾನೆ. ಇಳಿದು ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟ. "ಮಾಸ್ತರ, ನೀವು ಬಾಯಿ ಬಿಡಬಾರದಿತ್ರಿ. ಕಲಿಸಿಕೊಟ್ಟಂಗ ಆತು."

ಕಾರ್ಡನ್ನೂ ನನ್ನ ಕೈಯಲ್ಲೇ ಇಟ್ಟರು. "ನೀವ ಹೋಗ್ರಿ ಸರ, ನಿಮ್ಮ ಮಾತಿಗೆ ತೂಕ ಐತಿ." ತೆಗೆದುಕೊಂಡೆ. ಹೋಗಿ ಸಂಗ್ರಾಮನನ್ನು ಎಚ್ಚರಿಸುವುದಕ್ಕಾಗಿಯೇ ತೆಗೆದುಕೊಂಡೆ ಎಂದು ಮೆಟ್ಟಿಲಿಳಿಯುವಾಗ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ, ತೂಕ ಎಂಬ ಮಾತು ಕೇಳಲು ಇನ್ನೂ ಹಿತವಾಗಿತ್ತು. ಬುಧವಾರದವರೆಗೆ ಕಾರ್ಡು ನನ್ನ ಚೀಲದಲ್ಲಿ ಪಾಠದ ಟಿಪ್ಪಣಿಗಳ ನಡುವೆ ಓಡಾಡಿತು. ಗುರುವಾರ ಕಾಲೇಜಿನಿಂದ ಬಂದವನು ಬೂಟು ಬಿಚ್ಚದೆ ಹೋದೆ.

ಸಂಗ್ರಾಮ ಟೆಂಪೋ ತೊಳೆಯುತ್ತಿದ್ದ. "ಬರ್ರಿ ಸರ, ಕೂಡ್ರಿ" ಎಂದು ಒಳಗೆ ಕರೆದ. ಚಹಾ ಬಂತು. ನಾನು ಕಾರ್ಡನ್ನು ಚೀಲದಿಂದ ತೆಗೆಯಲೇ ಇಲ್ಲ. ಭಾನುವಾರ ವೇದಿಕೆ ಹತ್ತಬೇಡ ಎಂದೆ. "ಹೂಂ ರೀ." ಅವರು ಪ್ರೀತಿ ಅನ್ನುತ್ತಾರೆ, ಅದು ಪ್ರೀತಿಯಲ್ಲ ಎಂದೆ. "ಹೂಂ ರೀ." ನಾಳೆಯೇ ಕೊಲ್ಲಾಪುರಕ್ಕೆ ಹೋಗಿ ಸಹಿ ಮಾಡು ಎಂದೆ. "ಹೂಂ ರೀ ಸರ." ಅವನ ಮುಖದಲ್ಲಿ ಏನೂ ಕದಲುತ್ತಿರಲಿಲ್ಲ. ಇವನಿಗೆ ನಾಟುತ್ತಿಲ್ಲ ಎಂದುಕೊಂಡು ನಿನ್ನ ಕಥೆ ತೆಗೆದೆ. ವಿಶ್ವಾಸ ನಮ್ಮ ಮೇಲಿನ ಪ್ರೀತಿಗೆ ಹೋಗದೆ ಉಳಿದ, ಅವನಿಗೇನಾಯಿತು ನೋಡು ಎಂದೆ.

ಆಗ ಅವನು ತಲೆಯೆತ್ತಿದ.

"ಹೋಗಿದ್ದ್ರಿ ಸರ."

"ಎಲ್ಲಿಗೆ?"

"ಕೊಲ್ಲಾಪುರಕ್ಕ್ರಿ. ಸೋಮವಾರ ಮುಂಜಾನಿ ಮೊದಲ ಬಸ್ಸಿಗೆ ಹೋಗಿದ್ದ. ಅವರು ಫಾರ್ಮ್ ಕೊಡಲಿಲ್ಲಂತ. 'ಊರ ಮುಂದ ಫೇಟಾ ಕಟ್ಟಿಸಿಕೊಂಡ ಬಂದಿ, ಈಗ ನಿನ್ನ ತಗೊಂಡ್ರ ನಿಮ್ಮ ತಾಲೀಮಿನ ಮರ್ಯಾದಿ ತಗದಂಗ ಆಗತೈತಿ, ನಮಗ ಬರೂದಿಲ್ಲ' ಅಂದ್ರಂತ. ಸಂಜಿತನಾ ಅವರ ಕಟ್ಟಿ ಮ್ಯಾಲ ಕುಂತು ಬಂದಾನ."

ನಾನು ಬಟ್ಟಲು ಕೆಳಗಿಟ್ಟೆ.

"ಧರೆಪ್ಪ ಮಾವ ಮೊದಲ ಹೇಳಿದ್ನಂತ್ರಿ, ಫೇಟಾ ತಗೊಂಡ್ರ ಕೆಟ್ರಿ ಅಂತ. ಸುಗಂಧಾ ಆತ್ಯಾ ಕೇಳಲಿಲ್ಲಂತ. 'ನಾ ಮಾಸ್ತರನ್ನ ಕೇಳೇನಿ, ಅಡ್ಡಿ ಇಲ್ಲ ಅಂದಾರ. ಧರೆಪ್ಪ ಚಾ ಮಾರಾಂವ, ಮಾಸ್ತರ ಓದಿದ ಮನಷ್ಯಾ' ಅಂದಳಂತ." ಇಷ್ಟು ಹೇಳಿ ಅವನಿಗೇ ಗಾಬರಿಯಾಯಿತು. "ನಿಮಗ ಹೇಳಬ್ಯಾಡ ಅಂದಿದ್ದ್ರಿ ವಿಶ್ವಾಸ ದಾದಾ. ಮಾಸ್ತರ ಕಾರ್ಡ ತಗೊಂಡ ಬರತಾರ, ಕೂಡ್ರಿಸಿ ಚಾ ಕೊಡು, ಎದರಾ ಮಾತಾಡಬ್ಯಾಡ, ಹೂಂ ಅನಕೋಂತ ಇರು ಅಂದಿದ್ದ. ನೀವ ಹೋಗು ಅಂತೀರಿ ಅಂತ ಅವಗೂ ಗೊತ್ತಿದ್ದಿಲ್ರಿ."

ಅವನು ಸಹಿ ಮಾಡಿ ಆಗಲೇ ಎರಡು ದಿನವಾಗಿತ್ತು. ನೀನೇ ಕಾಗವಾಡದಿಂದ ಹೋಗಿ ಜೊತೆಯಲ್ಲಿ ನಿಂತಿದ್ದೆಯಂತೆ.

ಹೀಗಾಗಿ ನಾನು ಎಚ್ಚರಿಸಲು ಹೋದದ್ದೂ ದಂಡ. ಬೀದಿಗೆ ಬಂದವನಿಗೆ ಯಾವ ಕಡೆ ನಡೆಯಬೇಕೆಂದು ಗಳಿಗೆ ಹೊತ್ತು ತಿಳಿಯಲಿಲ್ಲ. ಇಷ್ಟು ವರ್ಷ ನನ್ನ ನಾಚಿಕೆಗೆ ಒಂದು ಆಸರೆ ಇತ್ತು ನೋಡು: ಏನೇ ಆಗಲಿ, ಹುಡುಗ ತನ್ನ ಮನಸ್ಸಿನಿಂದ ಉಳಿದ. ನಾನು ಬಾಗಿಲು ಹಾಕಿದೆ, ನಿಜ, ಆದರೆ ಅವನು ತಳ್ಳಿ ನೋಡಲಿಲ್ಲ. ನೀನು ತಳ್ಳಿದ್ದೆ. ಒಂದು ಇಡೀ ದಿನ ತಳ್ಳಿದ್ದೆ. ಮರುದಿನ ಸಂಜೆ ಪ್ರಾಕ್ಟೀಸಿಗೆ ಬಂದು, ನನ್ನ ಕುರ್ಚಿಯ ಮುಂದೆಯೇ ಬೂಟಿನ ದಾರ ಕಟ್ಟಿಕೊಂಡೆ. ನಾನು ನಿನ್ನ ನಡಾ ನೋಡುವುದನ್ನು ಕಲಿತವನು. ಅವತ್ತು ಏನೂ ಕಾಣಲಿಲ್ಲ. ಆಮೇಲೆ ನಾಲ್ಕು ವರ್ಷ ನಮಗಾಗಿ ಆಡಿದೆ, ಪಾಳಿ ತಪ್ಪಿಸಿಕೊಂಡು, ಪುಕ್ಕಟೆ. ಪುರವಣಿಯಲ್ಲಿ ಬಂದದ್ದನ್ನು ಓದಿಯೂ ಆಡಿದೆ.

ನಾನು ಯಾಕೆ ನಿನಗೆ ಆ ಹಗ್ಗ ಹಾಕಿದೆ ಎಂದು ಹನ್ನೊಂದು ವರ್ಷ ನನ್ನನ್ನೇ ಕೇಳಿಕೊಂಡಾಗಲೆಲ್ಲ, ತತ್ವ, ಅಹಂಕಾರ, ಮಾತಿನ ಚಪಲ ಎಂದು ದೊಡ್ಡ ದೊಡ್ಡ ಹೆಸರು ಕೊಟ್ಟಿದ್ದೇನೆ. ಗುರುವಾರ ಮನೆಗೆ ನಡೆಯುವಾಗ ಅದು ಸಣ್ಣದಾಗಿ ಕಂಡಿತು. ನನಗೆ ಭಾನುವಾರ ಮಧ್ಯಾಹ್ನಗಳಲ್ಲಿ ನೋಡಲು ಬೇರೇನೂ ಇರಲಿಲ್ಲ. ನಿನ್ನ ಆಟ ಬೇಕಾಗಿತ್ತು. ಕೊಲ್ಲಾಪುರದವರೆಗೆ ಹೋಗಿ, ಟಿಕೀಟು ತೆಗೆದುಕೊಂಡು ನೋಡಲು ಸೋಮಾರಿತನ. ಅಷ್ಟಕ್ಕೆ ಒಬ್ಬನ ಕಾಯಂ ಕೆಲಸ.

ನಿನಗೆ ಮನಿಯಾರ್ಡರು ಕಳಿಸಬೇಕೆಂದು ಶುಕ್ರವಾರ ಅಂಚೆ ಕಚೇರಿಯವರೆಗೆ ಹೋದೆ. ಫಾರ್ಮಿನಲ್ಲಿ ಎಷ್ಟು ಎಂದು ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. ಎಷ್ಟು ಬರೆದರೂ ಅದು ಇನ್ನೊಂದು ಸತ್ಕಾರವೇ ಆಗುತ್ತಿತ್ತು. ಹರಿದುಹಾಕಿ ಬಂದೆ. ಸಂಗ್ರಾಮ ಸಹಿ ಮಾಡಿದ್ದನ್ನು ಧನಪಾಲನಿಗೆ ಇನ್ನೂ ಹೇಳಿಲ್ಲ. ಅವನು ದಿನಕ್ಕೆರಡು ಸಲ ಫೋನ್ ಮಾಡಿ, "ಕಾರ್ಡ ಮುಟ್ಟಿಸಿದ್ರೇನ್ರಿ?" ಎಂದು ಕೇಳುತ್ತಾನೆ. ಆಗುತ್ತದೆ, ಆಗುತ್ತದೆ ಎನ್ನುತ್ತಿದ್ದೇನೆ. ಇದನ್ನು ದೊಡ್ಡದು ಮಾಡಿ ಒಂದು ಪ್ಯಾರಾ ಬರೆದಿದ್ದೆ, ಹೊಡೆದುಹಾಕಿದೆ. ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆ ಬರೆದಿಟ್ಟಿದ್ದೇನೆ. ಒಂದೇ ಸಾಲು. ಅದರಲ್ಲಿ ಯಾವ ವಿಚಾರವೂ ಇಲ್ಲ.

ಸುಗಂಧಾಬಾಯಿಗೆ ಈ ಪತ್ರ ಓದಿ ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಹೇಳಿದರೆ ಒಂದು ಮಾತು ಸೇರಿಸು: ಅವರು ನಂಬಿದ್ದರಲ್ಲಿ ತಪ್ಪಿರಲಿಲ್ಲ, ನಂಬಿದ ಮನುಷ್ಯ ತಪ್ಪಿದ್ದ. ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಅದೂ ಪುಕ್ಕಟೆ. ಉತ್ತರ ಬರೆಯಬೇಡ. ಎಲ್ಲಾದರೂ ಎದುರಿಗೆ ಸಿಕ್ಕರೆ ಚಹಾ ಕೊಡಿಸಬೇಡ, ನೋಡದವನ ಹಾಗೆ ದಾಟಿ ಹೋಗು.

ಆ ಕೋಲ್ಡ್ ಸ್ಟೋರೇಜಿನ ಚಳಿ ನಿನ್ನ ಮೊಣಕಾಲನ್ನು ಈ ವರ್ಷ ಕಡಿಮೆ ಕಾಡಲಿ. ಸಂಗ್ರಾಮನ ಕಾಲು ಗಟ್ಟಿಯಿರಲಿ, ಪಗಾರ ತಿಂಗಳಿಗೆ ಸರಿಯಾಗಿ ಬರಲಿ. ನಿನ್ನ ಮಗಳು ದೊಡ್ಡವಳಾಗಿ ಯಾವ ಕೆಲಸ ಮಾಡಿದರೂ ಅವಳಿಗೆ ಅದರ ಕೂಲಿ ಸಿಗಲಿ, ಪೂರ್ತಿ ಸಿಗಲಿ, ಮತ್ತು ಅವಳ ಬಗ್ಗೆ ನನ್ನಂಥವರು ಯಾರೂ ಚೆಂದ ಮಾಡಿ ಬರೆಯದಿರಲಿ.

ಇಲ್ಲಿಗೆ ನಿಲ್ಲಿಸುತ್ತೇನೆ,
ಪಾರಿಸ
ನದಿಗಲ್ಲಿ, ಸದಲಗಾ
ನವೆಂಬರ್ ೨೦೧೭